ಹಳಗನ್ನಡ ಪಠ್ಯ ಮತ್ತು ಗಣಕದ ಕೀಲಿಮಣೆ: ದೋಷದ ನೆಲೆ ಯಾವುದು?

ಬಸವಕಲ್ಯಾಣದ ಸಮೀಪದ ನಾರಾಯಣಪುರದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ. ಆ ಪರಿಸರದ ಹನ್ನೊಂದು-ಹನ್ನೆರಡನೆಯ ಶತಮಾನಗಳ ಶಾಸನಪಾಠವೊಂದನ್ನು ಗಣಕಕ್ಕೆ ಇಳಿಸಹೊರಟವರಿಗೆ ಲಿಪಿಯನ್ನು ಓದಿ ಮುಗಿಸಿದ ಮೇಲೂ ಒಂದು ತೊಡಕು ಉಳಿದಿರುತ್ತದೆ. ಕೀಲಿಮಣೆಯಲ್ಲಿ ೞಕಾರ ಕೈಗೆ ಸಿಗದೆ ‘ಅೞಿ’ ಎಂಬುದು ‘ಅಳಿ’ಯಾಗುತ್ತದೆ, ಱಕಾರ ಸಿಗದೆ ‘ಅಱಿ’ ಎಂಬುದು ‘ಅರಿ’ಯಾಗುತ್ತದೆ. ನಾಶವು ದುಂಬಿಯಾಗಿ, ತಿಳಿವು ಹಗೆಯಾಗಿ ಮಾರ್ಪಡುವ ಈ ಬಗೆಯನ್ನು ಅಚ್ಚಿನ ದೋಷವೆಂದು ತಳ್ಳಿಹಾಕುವಂತಿಲ್ಲ. ೞಕಾರವು ಳಕಾರದೊಡನೆ ಬೆರೆಯತೊಡಗಿದ್ದ ಕಾಲದ ಶಾಸನಗಳಲ್ಲಿ ಕಂಡರಣೆಗಾರನು ಯಾವುದನ್ನು ಕೆತ್ತಿದನೆಂಬುದೇ ಭಾಷಾಚರಿತ್ರೆಗೆ ಸಾಕ್ಷ್ಯ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಭೇದವನ್ನು ಪ್ರತ್ಯೇಕವಾಗಿ ನಿರೂಪಿಸಬೇಕಾಯಿತು. ಬೆರಳಚ್ಚಿನವರು ಮಾಡಿದ ಬದಲಾವಣೆಯೂ ಕಂಡರಣೆಗಾರನು ಮಾಡಿದ ಬದಲಾವಣೆಯೂ ಒಂದೇ ರೂಪದಲ್ಲಿ ಉಳಿದರೆ ಮುಂದಿನ ಸಂಶೋಧಕರು ಅವನ್ನು ಬೇರ್ಪಡಿಸಲಾರರು.

ಇಂಥ ಸಂದರ್ಭದಲ್ಲಿ ‘ಗಣಕಕ್ಕೆ ಕನ್ನಡ ಬಾರದು’, ‘ಡ್ರೈವರ್ ಸರಿಯಿಲ್ಲ’ ಎಂಬ ಮಾತುಗಳು ವಿಭಾಗಗಳಲ್ಲಿ ಸುಲಭವಾಗಿ ಹೊರಡುತ್ತವೆ. ದೋಷವನ್ನು ತಪ್ಪು ನೆಲೆಗೆ ಆರೋಪಿಸುವ ಈ ರೂಢಿಯಿಂದಲೇ ಪರಿಹಾರ ದೂರವಾಗಿದೆ. ಕಾರ್ಯನಿರ್ವಹಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಯಾವ ಭಾಷೆಯ ಅಕ್ಷರವೂ ಮುಖ್ಯವಲ್ಲ. ಅದಕ್ಕೆ ಬೇಕಾದುದು ಕೀಲಿಯ ಸಂಖ್ಯೆ ಮಾತ್ರ. ಲಿನಕ್ಸ್ ಕರ್ನಲ್‌ನ ಡ್ರೈವರ್ ‘ಕೆ’ ಕೀಲಿಯನ್ನು 37 ಎಂದು ಗುರುತಿಸುತ್ತದೆ. ಎಕ್ಸ್ ಎಂಬ ಚಿತ್ರಾತ್ಮಕ ವ್ಯವಸ್ಥೆ ಅದಕ್ಕೆ 8ನ್ನು ಕೂಡಿಸಿ 45 ಎಂದು ಎಣಿಸುತ್ತದೆ. ಆ 45 ಇಂಗ್ಲಿಷಿನ ಕೆ ಆಗಬೇಕೋ ಕನ್ನಡದ ಕಕಾರವಾಗಬೇಕೋ ಎಂಬುದು ಅದರ ಮೇಲಿನ ವಿನ್ಯಾಸಪಟ್ಟಿಯಲ್ಲಿ ನಿರ್ಣಯವಾಗುತ್ತದೆ. ಆದ್ದರಿಂದ ಪರೀಕ್ಷೆಯ ಕ್ರಮವೂ ಸರಳ. ಕೀಲಿಯನ್ನೊತ್ತಿದಾಗ ಸಂಖ್ಯೆಯೇ ಬಾರದಿದ್ದರೆ ಯಂತ್ರವನ್ನೋ ಡ್ರೈವರನ್ನೋ ಶಂಕಿಸಬೇಕು. ಸಂಖ್ಯೆ ಬಂದು ಅಕ್ಷರ ತಪ್ಪಿದರೆ ವಿನ್ಯಾಸವನ್ನು ನೋಡಬೇಕು. ಅಕ್ಷರ ಸರಿಯಿದ್ದು ತೆರೆಯ ಮೇಲೆ ಚೌಕಟ್ಟು ಕಂಡರೆ ಅದು ಫಾಂಟಿನ ಕೊರತೆ. ಶಾಸನಪಾಠದ ತೊಂದರೆಗಳಲ್ಲಿ ಮೊದಲ ವರ್ಗಕ್ಕೆ ಸೇರುವುವು ವಿರಳ.

ವಿನ್ಯಾಸದ ನೆಲೆಯಲ್ಲಿ ಕನ್ನಡಕ್ಕೆ ವಿಶಿಷ್ಟವಾದ ಪ್ರಶ್ನೆಯೊಂದಿದೆ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ಯ ಮೂಲಕ ನಾಡಿನಲ್ಲಿ ಹರಡಿದ ವಿನ್ಯಾಸದಲ್ಲಿ ಒಂದೇ ಕೀಲಿ ವ್ಯಂಜನದ ಮುಂದೆ ಗುಣಿತಚಿಹ್ನೆಯನ್ನೂ ಪದಾದಿಯಲ್ಲಿ ಸ್ವರಾಕ್ಷರವನ್ನೂ ಕೊಡುತ್ತದೆ. ಹಿಂದಿನ ಅಕ್ಷರ ಯಾವುದೆಂದು ತಿಳಿಯದೆ ಇದು ಸಾಧ್ಯವಿಲ್ಲ. ಎಕ್ಸ್‌ನ ವಿನ್ಯಾಸಪಟ್ಟಿಗೆ ಆ ನೆನಪಿಲ್ಲ. ಆದ್ದರಿಂದ ಅಲ್ಲಿ ‘ಕಗಪ’ ಎಂಬ ಹೆಸರಿನಲ್ಲಿರುವ ವಿನ್ಯಾಸವು ಸ್ವರಾಕ್ಷರಗಳನ್ನು ಇನ್ನೊಂದು ಕೀಲಿಯ ಜೊತೆಗೂಡಿಸಿ ಒತ್ತುವಂತೆ ಇರಿಸಿದೆ. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವೊತ್ತು ಬಾರದಂತೆ ತಡೆಯಲು ರಕಾರದ ನಂತರ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು. ಇಂಥವನ್ನು ಒಂದೇ ಒತ್ತಿನಲ್ಲಿ ಮಾಡಿಸಲು ಐಬಸ್‌ನಂಥ ನಮೂದು ತಂತ್ರಾಂಶಗಳೇ ಬೇಕು. ಕರ್ನಲ್ಲಿಗೆ ಕನ್ನಡ ಕಲಿಸಬೇಕೆಂಬ ಉತ್ಸಾಹ ಇಲ್ಲಿ ನಿಷ್ಪ್ರಯೋಜಕ.

ಅಕ್ಷರಸಂಕೇತದ ಕಡೆಯಿಂದ ಕೊರತೆ ಈಗ ಅಲ್ಪ. ೞ, ಱ ಎರಡೂ ಯುನಿಕೋಡಿನಲ್ಲಿವೆ. ಜಿಹ್ವಾಮೂಲೀಯ, ಉಪಧ್ಮಾನೀಯಗಳೂ ಇವೆ. ನಕಾರಪೊಲ್ಲು 2021ರ 14ನೆಯ ಆವೃತ್ತಿಯಲ್ಲಿ ಸೇರಿತು. ಆದರೆ ೞಕಾರಕ್ಕೆ ಅಲ್ಲಿ ದೊರೆತ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಹೆಸರು ತಪ್ಪೆಂಬ ಟಿಪ್ಪಣಿಯನ್ನು ಸೇರಿಸಿ ಅದನ್ನು ಹಾಗೆಯೇ ಉಳಿಸಲಾಗಿದೆ. ಪಟ್ಟಿ ಸಿದ್ಧವಾಗುವಾಗ ಹಳಗನ್ನಡ ಬಲ್ಲವರೊಬ್ಬರು ಅದನ್ನು ನೋಡಿದ್ದರೆ ಈ ವಿನೋದ ತಪ್ಪುತ್ತಿತ್ತು.

ಸಂಕೇತದಲ್ಲಿ ಸೇರಿದ ಅಕ್ಷರ ತಾನಾಗಿಯೇ ಕೀಲಿಯ ಮೇಲೆ ಬಂದು ಕೂಡುವುದಿಲ್ಲ. ಯಾವ ಕೀಲಿಗೆ ಯಾವ ಪ್ರಾಚೀನಾಕ್ಷರ ಎಂಬುದನ್ನು ಪ್ರಯೋಗದ ಆವರ್ತನೆಯನ್ನು ಬಲ್ಲ ಗ್ರಂಥಸಂಪಾದಕರೂ ಶಾಸನತಜ್ಞರೂ ಹೇಳಬೇಕು. ಎಕ್ಸ್‌ನಲ್ಲಿ ಭಾರತೀಯ ಭಾಷೆಗಳ ವಿನ್ಯಾಸಗಳು ಯಾರೂ ತೆರೆದು ಓದಬಹುದಾದ ಸಾದಾ ಪಠ್ಯಕಡತದಲ್ಲಿವೆ. ಒಂದು ಸಾಲಿನ ತಿದ್ದುಪಡಿಯನ್ನು ಅಭಿಯಂತರರು ಅಲ್ಪಕಾಲದಲ್ಲಿ ಮಾಡಿಯಾರು. ಆ ಸಾಲಿನಲ್ಲಿ ಏನಿರಬೇಕೆಂದು ಲಿಖಿತವಾಗಿ ಕೊಡುವ ಹೊಣೆ ಕನ್ನಡ ವಿಭಾಗಗಳದು. ಪಾಠಸಂಪಾದನೆಯ ಪತ್ರಿಕೆಯನ್ನು ಬೋಧಿಸುವಲ್ಲಿ ಇದನ್ನು ಯಂತ್ರದ ವಿಷಯವೆಂದು ಹೊರಗಿಡುವುದು ಸಮರ್ಥನೀಯವಲ್ಲ.

ಹಳೆಯ ಕಡತಗಳ ಸ್ಥಿತಿ ಇನ್ನೂ ಜಟಿಲ. ಯುನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಸಂಗ್ರಹವಾದ ಪಠ್ಯದಲ್ಲಿರುವುದು ಅಕ್ಷರಗಳಲ್ಲ, ಅಕ್ಷರಾಕೃತಿಯ ತುಂಡುಗಳು. ಕೀಲಿಮಣೆಯನ್ನು ಎಷ್ಟು ತಿದ್ದಿದರೂ ಅವು ಬದಲಾಗವು. ಪರಿವರ್ತಕಗಳಿಗೆ ಒಪ್ಪಿಸುವ ಮುನ್ನ ೞ, ಱಗಳು ಬರುವ ಸ್ಥಳಗಳನ್ನಾದರೂ ಶಾಸನದ ಪಡಿಯಚ್ಚಿನೊಡನೆ ಹೋಲಿಸಿ ಗುರುತುಹಾಕಿಕೊಳ್ಳುವುದು ಅಗತ್ಯ. ಪರಿವರ್ತನೆಯಾದ ಮೇಲೆ ‘ಅಳಿ’ ಎಂಬುದು ಎಲ್ಲಿಂದ ಬಂದಿತೆಂದು ಕಡತವನ್ನಷ್ಟೇ ನೋಡಿ ಹೇಳಲಾಗದು.