ಒಲೆಯ ಬಿಸಿ ನಾಲಗೆಗೇಕೆ?

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ದುಡಿಯುವ ನಮ್ಮವರನ್ನು ಗಿರಾಕಿಯ ಗದರಿಕೆಗಿಂತ ಜೊತೆಗಾರನ ಬಿರುನುಡಿಯೇ ಹೆಚ್ಚು ನೋಯಿಸುತ್ತದೆ. ಗಿರಾಕಿ ಕಾಫಿ ಮುಗಿಸಿ ಹೊರಟುಹೋಗುತ್ತಾನೆ. ಜೊತೆಗಾರನಾದರೋ ಅನೇಕ ಕಡೆ ರಾತ್ರಿ ಪಕ್ಕದ ಚಾಪೆಯಲ್ಲಿಯೇ ಮಲಗುವವನು. ನೂಕುನುಗ್ಗಲಿನಲ್ಲಿ ದೋಸೆ ತಡವಾದರೆ ಮಾಣಿ ಭಟ್ಟರನ್ನು ದೂರುವನು, ಭಟ್ಟರು ಮಾಣಿಯನ್ನು ಜರೆಯುವರು. ಕೊನೆಗೆ ಸಿಟ್ಟೆಲ್ಲ ಮೇಜು ಒರಸುವ ಹುಡುಗನ ಮೇಲೆ ಇಳಿಯುತ್ತದೆ. ಊರಿಗೆ ಹಣ ಕಳಿಸಬೇಕಾದ ಆತ ಅದನ್ನು ನುಂಗಿಕೊಳ್ಳುತ್ತಾನೆ, ಇಲ್ಲವೆ ಕೆಲಸ ಬಿಡುತ್ತಾನೆ.

ಎರಡೂ ಸಲ್ಲವು. ಗಿರಾಕಿಗಳೆದುರು ಮರುನುಡಿಯದೆ, ಬಾಗಿಲು ಮುಚ್ಚಿದ ಬಳಿಕ, "ತಪ್ಪಿದ್ದರೆ ಹೇಳಿರಿ, ತಿದ್ದಿಕೊಳ್ಳುವೆ, ಬೈಗುಳು ಬೇಡ" ಎಂದು ಬಹುವಚನದಲ್ಲಿಯೇ ನುಡಿಯಬೇಕು. ಅದಕ್ಕೂ ಬಗ್ಗದಿದ್ದರೆ ಗಲ್ಲಾದಲ್ಲಿರುವ ಯಜಮಾನರಿಗೆ ತಿಳಿಸುವುದು ಚಾಡಿಯಲ್ಲ. ಯಜಮಾನರೂ ನೆನೆಯಲಿ: ಅವರಲ್ಲಿ ಅನೇಕರು ಒಂದು ಕಾಲಕ್ಕೆ ಮೇಜು ಒರಸಿದವರೇ.