ಜಗಳಕ್ಕೊಂದು ಅಂಗಳ

ಚೆನ್ನೈನ ಉತ್ತರ ಭಾಗದಲ್ಲಿ, ಬಂದರಿನ ಮಗ್ಗುಲಲ್ಲೇ ರಾಯಪುರಂ ಇದೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರಲ್ಲಿ ಹೊರಟದ್ದು ಅಲ್ಲಿಂದ. ನಿಲ್ದಾಣದ ಕಂಬಸಾಲಿನ ಕಟ್ಟಡ ಇನ್ನೂ ನಿಂತಿದೆ. ದೋಣಿ ನಡೆಸುವವರು ಕಟ್ಟಿಸಿಕೊಂಡ ಸಂತ ಪೀಟರ್ ಇಗರ್ಜಿ, 1910ರಲ್ಲಿ ಬಾಗಿಲು ತೆರೆದ ಪಾರ್ಸಿಗಳ ಅಗ್ನಿ ಮಂದಿರ, ಕಾಸಿಮೇಡಿನ ಮೀನು ಬಂದರು ಎಲ್ಲವೂ ಅಕ್ಕಪಕ್ಕ. ದುಡಿದು ತಿನ್ನುವವರ ಈ ಪೇಟೆಯ ರಾಬಿನ್ಸನ್ ಪಾರ್ಕಿನಲ್ಲಿ 1949ರ ಸೆಪ್ಟೆಂಬರ್‌ನಲ್ಲಿ ಒಂದು ಸಭೆ ಸೇರಿತು. ಧೋ ಎಂದು ಮಳೆ. ಆ ಮಳೆಯಲ್ಲೇ ಸಿ.ಎನ್. ಅಣ್ಣಾದುರೈ ದ್ರಾವಿಡ ಮುನ್ನೇತ್ರ ಕಳಗಂ (ಡಿಎಂಕೆ) ಹುಟ್ಟಿದ್ದನ್ನು ಜನರ ಮುಂದೆ ಸಾರಿದರು. ಪಕ್ಷದ ಗುರಿ ಪ್ರತ್ಯೇಕ ದ್ರಾವಿಡ ನಾಡು.

ಆ ಹೊತ್ತನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ದೇಶ ಒಡೆದು ಎರಡೇ ವರ್ಷವಾಗಿತ್ತು. ದೆಹಲಿಯಲ್ಲಿ ಸಂವಿಧಾನ ಇನ್ನೂ ಅಂಗೀಕಾರವಾಗಿರಲಿಲ್ಲ. ಮತ್ತೊಂದು ದೇಶ ಬೇಕೆಂದು ಮದ್ರಾಸಿನ ಪಾರ್ಕಿನಲ್ಲಿ ನಿಂತು ಕೇಳುವವರನ್ನು ಯಾವ ಸರ್ಕಾರವಾದರೂ ಅನುಮಾನದಿಂದ ನೋಡುತ್ತಿತ್ತು. ಅವರು ಬರೆದುಕೊಂಡ ನಕ್ಷೆಯಲ್ಲಿ ಕನ್ನಡ ನಾಡೂ ಇತ್ತು. ನಮ್ಮನ್ನು ಯಾರೂ ಕೇಳಿರಲಿಲ್ಲ, ನಾವೂ ಅದಕ್ಕೆ ಕಿವಿಗೊಡಲಿಲ್ಲ. ದಕ್ಷಿಣ ಕನ್ನಡ ಮತ್ತು ಬಳ್ಳಾರಿಗೆ ಆಗ ಮದ್ರಾಸೇ ರಾಜಧಾನಿ. ಆದರೂ ಅಲ್ಲಿನ ಕನ್ನಡಿಗರು ಕನಸಿದ್ದು ಏಕೀಕರಣವನ್ನೇ ಹೊರತು ದ್ರಾವಿಡ ನಾಡನ್ನಲ್ಲ.

ಹದಿನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಪಕ್ಷ ಪ್ರತ್ಯೇಕತೆಯ ಬೇಡಿಕೆಯನ್ನು ಕೈಬಿಟ್ಟಿತು. 1967ರಲ್ಲಿ ಅಣ್ಣಾದುರೈ ಭಾರತದ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಿ ಮುಖ್ಯಮಂತ್ರಿಯಾದರು. ಇದು ಹೇಗಾಯಿತು? ರಾಜಕೀಯ ಬಿರುಕು ಮನೆಮನೆಯ ಊಟದ ಪಂಕ್ತಿಯವರೆಗೂ ಬಂದಿರುವ ಈ ದಿನಗಳಲ್ಲಿ, ಏಕತೆಯ ಬಗ್ಗೆ ಮಾತಾಡುವವರೆಲ್ಲ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು ಎಂದು ನಾನು ನಂಬಿದ್ದೇನೆ.

ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ. 1962ರ ಅಕ್ಟೋಬರ್‌ನಲ್ಲಿ ಚೀನಾ ಯುದ್ಧ ಬಂತು, ಅಣ್ಣಾದುರೈ ಬೇಡಿಕೆಯನ್ನು ಬದಿಗಿಟ್ಟು ದೇಶದ ಬೆನ್ನಿಗೆ ನಿಂತರು. ಮರುವರ್ಷ ಸಂವಿಧಾನದ 16ನೇ ತಿದ್ದುಪಡಿ ಬಂತು. ಚುನಾವಣೆಗೆ ನಿಲ್ಲುವವರು ದೇಶದ ಸಾರ್ವಭೌಮತ್ವ ಮತ್ತು ಅಖಂಡತೆಯನ್ನು ಎತ್ತಿಹಿಡಿಯುವ ಪ್ರಮಾಣ ಮಾಡಲೇಬೇಕೆಂದಾಯಿತು. ರಾಜ್ಯಸಭೆಯಲ್ಲಿ ಅದನ್ನು ವಿರೋಧಿಸಿ ಮಾತಾಡಿದ ಅಣ್ಣಾದುರೈ, ಅದು ಕಾನೂನಾದ ಮೇಲೆ ಪಕ್ಷದ ಗುರಿಯನ್ನೇ ಬದಲಿಸಿದರು. ಎರಡೂ ನಿಜ. ಆದರೆ ಯುದ್ಧ ಮತ್ತು ಪ್ರಮಾಣ ಇವೆರಡೇ ಒಂದು ಜನಸಮುದಾಯವನ್ನು ಒಲಿಸಿಕೊಂಡವು ಎನ್ನುವುದನ್ನು ನಾನು ಒಪ್ಪಲಾರೆ.

ಒಪ್ಪದಿರಲು ಕಾರಣ ಪಕ್ಕದ ಶ್ರೀಲಂಕಾದಲ್ಲೇ ಇದೆ. 1983ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರವೂ ಸಂವಿಧಾನದ 6ನೇ ತಿದ್ದುಪಡಿ ತಂದು, ಪ್ರತ್ಯೇಕ ರಾಷ್ಟ್ರವನ್ನು ಬೆಂಬಲಿಸುವುದಿಲ್ಲವೆಂಬ ಪ್ರಮಾಣವನ್ನು ಸಂಸದರ ಮೇಲೆ ಹೇರಿತು. ಹೆಚ್ಚುಕಡಿಮೆ ನಮ್ಮಂಥದ್ದೇ ಪ್ರಮಾಣ. 1977ರ ಚುನಾವಣೆಯಲ್ಲಿ ಗೆದ್ದು ಪ್ರಧಾನ ವಿರೋಧ ಪಕ್ಷವಾಗಿದ್ದ ತಮಿಳರ ಐಕ್ಯ ವಿಮೋಚನಾ ರಂಗದ ಸದಸ್ಯರು ಅದನ್ನು ಸ್ವೀಕರಿಸಲಿಲ್ಲ, ಸ್ಥಾನ ಕಳೆದುಕೊಂಡರು. ಸಂಸತ್ತಿನಲ್ಲಿ ಮಾತಾಡುತ್ತಿದ್ದವರ ಜಾಗ ಖಾಲಿಯಾಯಿತು, ಕಾಡಿನಲ್ಲಿ ಬಂದೂಕು ಹಿಡಿದವರ ಮಾತಿಗೆ ಬೆಲೆ ಬಂತು. ಮುಂದೆ ನಡೆದ ಅಂತರ್ಯುದ್ಧ ಮುಗಿದದ್ದು 2009ರಲ್ಲಿ.

ಪ್ರಮಾಣ ಒಂದೇ ಬಗೆಯದಾದರೂ ಅದಕ್ಕೆ ಮುಂಚೆ ನಡೆದದ್ದು ಬೇರೆ ಬೇರೆ. ಕೊಲಂಬೊ 1956ರಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆ ಎಂದು ಕಾನೂನು ಮಾಡಿತು. 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟು ಬೂದಿಯಾಯಿತು. 1983ರ ಜುಲೈನಲ್ಲಿ ತಮಿಳರ ಮನೆ ಅಂಗಡಿಗಳು ಉರಿದವು. ಇಷ್ಟಾದ ಮೇಲೆ ಪ್ರಮಾಣ ಕೇಳಿದರು. ಭಾರತದಲ್ಲಿ ಅದೇ 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುಜೋಡಣೆಯಾದವು. ತಮಿಳು ಮಾತಾಡುವವರಿಗೆ ತಮ್ಮದೇ ವಿಧಾನಸಭೆ ಸಿಕ್ಕಿತು. ಅದೇ ವರ್ಷ ಡಿಎಂಕೆ ತಿರುಚ್ಚಿಯ ಸಮಾವೇಶದಲ್ಲಿ ತನ್ನ ಜನರ ಮತ ಕೇಳಿ, ಚುನಾವಣೆಗೆ ಇಳಿಯುವ ತೀರ್ಮಾನ ಮಾಡಿತು. 1957ರಲ್ಲಿ 15 ಸ್ಥಾನ, 1962ರಲ್ಲಿ 50. ಬೇರೆ ದೇಶ ಕೇಳುತ್ತಿದ್ದವನು ಬೀದಿದೀಪ, ಅಕ್ಕಿಯ ಬೆಲೆ, ಶಾಲೆಯ ಮಾಸ್ತರು ಎಂದು ಸದನದಲ್ಲಿ ಪ್ರಶ್ನೆ ಕೇಳತೊಡಗಿದ. ಹಾಗೆ ಕೇಳುತ್ತ ಕೇಳುತ್ತ ಈ ವ್ಯವಸ್ಥೆಯಲ್ಲಿ ತನಗೂ ಪಾಲಿದೆ ಎಂದು ಅವನಿಗೆ ಅನ್ನಿಸಿತು. ಗೆಲ್ಲುವ ದಾರಿ ಕಣ್ಣೆದುರಿಗೇ ಇರುವಾಗ ಮನೆಯನ್ನು ಬಿಟ್ಟುಹೋಗುವ ಮಾತು ತಾನಾಗಿ ಸೊರಗಿತು. 16ನೇ ತಿದ್ದುಪಡಿ ಬಂದಾಗ ಬಿಡುವುದಕ್ಕಿಂತ ಉಳಿಯುವುದರಲ್ಲೇ ಲಾಭ ಹೆಚ್ಚಿತ್ತು.

ಇದೇನೂ ನೋವಿಲ್ಲದೆ ಆದದ್ದಲ್ಲ. ರಾಯಪುರಂಗೆ ಹತ್ತಿರದ ಮೂಲಕೊತ್ತಲಂ ಸ್ಮಶಾನದಲ್ಲಿ ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರ ಸ್ಮಾರಕವಿದೆ. ರಾಜಾಜಿ ಸರ್ಕಾರ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದ್ದನ್ನು ವಿರೋಧಿಸಿ ಜೈಲು ಸೇರಿ, 1939ರಲ್ಲಿ ಸೆರೆಯಲ್ಲಿರುವಾಗಲೇ ತೀರಿಕೊಂಡವರು ಅವರು. 1965ರ ಹಿಂದಿ ವಿರೋಧಿ ಚಳವಳಿಯಲ್ಲಿ ಮತ್ತೆ ಜೀವಗಳು ಹೋದವು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ರೇಡಿಯೋದಲ್ಲಿ ಮಾತಾಡಿ ಇಂಗ್ಲಿಷ್ ಮುಂದುವರಿಯುತ್ತದೆಂದು ಭರವಸೆ ಕೊಡಬೇಕಾಯಿತು. 1967ರ ಅಧಿಕೃತ ಭಾಷಾ ತಿದ್ದುಪಡಿ ಕಾಯ್ದೆ ಅದನ್ನು ಕಾನೂನಾಗಿಸಿತು. ದೆಹಲಿ ಬಗ್ಗಿತು ಎಂದು ಕೆಲವರಿಗೆ ಅನ್ನಿಸಿರಬಹುದು. ನನಗೆ ಅದು ಗಣರಾಜ್ಯ ತೋರಿದ ದೊಡ್ಡತನವಾಗಿ ಕಾಣುತ್ತದೆ. ಬಹುಮತ ಕೈಯಲ್ಲಿದ್ದೂ ಅದನ್ನು ಪೂರ್ತಿ ಬಳಸದೆ ಬಿಡುವುದಕ್ಕೆ ಗಟ್ಟಿ ಮನಸ್ಸು ಬೇಕು.

ಆ ತಲೆಮಾರು ಜಗಳವಾಡಿದ ರೀತಿಯನ್ನೂ ಹೇಳಬೇಕು. ಮನೆಮಾತು ಕನ್ನಡವಾಗಿದ್ದ ಹಿರಿಯ ನಾಯಕ ಪೆರಿಯಾರರಿಂದ ಸಿಡಿದು ಬಂದೇ ಅಣ್ಣಾದುರೈ ಹೊಸ ಪಕ್ಷ ಕಟ್ಟಿದ್ದು. ಆದರೂ ಅಧ್ಯಕ್ಷರ ಕುರ್ಚಿ ಪೆರಿಯಾರರದೇ ಎಂದು ಅದನ್ನು ಖಾಲಿ ಬಿಟ್ಟು, ತಾವು ಪ್ರಧಾನ ಕಾರ್ಯದರ್ಶಿಯಾಗಿ ಉಳಿದರು. 1967ರಲ್ಲಿ ಪೆರಿಯಾರ್ ಬೆಂಬಲಿಸಿದ್ದು ಕಾಂಗ್ರೆಸ್ಸನ್ನು. ಗೆದ್ದ ಅಣ್ಣಾದುರೈ ತಿರುಚ್ಚಿಗೆ ಹೋಗಿ ಅವರನ್ನೇ ಕಂಡು ಬಂದರು. ಇತ್ತ, ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿ, ಒಂದು ಕಾಲಕ್ಕೆ ಹಿಂದಿ ವಿರೋಧಿಗಳನ್ನು ಜೈಲಿಗೆ ಕಳಿಸಿದ ಅದೇ ರಾಜಾಜಿ, ಆ ಚುನಾವಣೆಯಲ್ಲಿ ಡಿಎಂಕೆಯ ಜೊತೆಗಿದ್ದರು. ಇವತ್ತಿನ ವಿರೋಧಿ ನಾಳೆ ಜೊತೆಗಾರನಾಗಬಹುದು ಎಂಬ ಎಚ್ಚರ ಅವರ ಮಾತಿಗೆ ಒಂದು ಮಿತಿ ಹಾಕಿತ್ತು. ಎದುರಾಳಿಯನ್ನು ದೇಶದ್ರೋಹಿ ಎಂದೋ ಗುಲಾಮ ಎಂದೋ ಒಮ್ಮೆ ಕರೆದುಬಿಟ್ಟರೆ ಆ ದಾರಿ ಮುಚ್ಚಿತು. ನಮ್ಮ ಎಲ್ಲ ಪಕ್ಷಗಳೂ ಈಗ ದಿನಬೆಳಗಾದರೆ ಆ ದಾರಿ ಮುಚ್ಚುವ ಕೆಲಸದಲ್ಲಿವೆ, ಮತ್ತು ಇದು ನನ್ನನ್ನು ನಿಜವಾಗಿ ಕಳವಳಗೊಳಿಸುತ್ತದೆ.

ಕನ್ನಡಿಗರಿಗೂ ತಮಿಳರಿಗೂ ನಡುವೆ ಕಾವೇರಿಯ ಗಾಯವಿದೆ. 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ತಮಿಳರ ಬಡ ಬಡಾವಣೆಗಳು ಅನುಭವಿಸಿದ್ದನ್ನು ನಾವು ಮರೆಯಬಾರದು. 2016ರಲ್ಲಿ ಮತ್ತೆ ಬಸ್ಸು ಲಾರಿಗಳು ಉರಿದವು. ನಡುವೆ 2009ರ ಆಗಸ್ಟ್‌ನಲ್ಲಿ, ಹದಿನೆಂಟು ವರ್ಷ ಮುಸುಕು ಹೊದ್ದಿದ್ದ ತಿರುವಳ್ಳುವರ್ ಪ್ರತಿಮೆ ಹಲಸೂರಿನಲ್ಲಿ ಅನಾವರಣಗೊಂಡಿತು. ಕೆಲವೇ ದಿನಗಳಲ್ಲಿ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞ ನಿಂತ. ಒಳ್ಳೆಯದೇ ಆಯಿತು. ಆದರೆ ಪ್ರತಿಮೆಗಳು 2016ನ್ನು ತಡೆಯಲಿಲ್ಲ. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಮುಂದಾಗಿ ಎರಡೂ ರಾಜ್ಯದ ರೈತರನ್ನು ಕೂರಿಸಿದ ಕಾವೇರಿ ಕುಟುಂಬ. ಮಂಡ್ಯದ ರೈತ ತಂಜಾವೂರಿನ ಗದ್ದೆ ನೋಡಿದ, ಅಲ್ಲಿನವರು ಇಲ್ಲಿಗೆ ಬಂದರು. ನೀರಿನ ಹಂಚಿಕೆ ಅವರಿಂದ ಬಗೆಹರಿಯಲಿಲ್ಲ, ನಿಜ. ಆದರೂ ಎದುರು ಕೂತವನ ಬೆಳೆಯೂ ಒಣಗುತ್ತದೆ ಎಂದು ಗೊತ್ತಿದ್ದವನ ಜಗಳವೇ ಬೇರೆ. ಮೌಲ್ಯ ಎನ್ನುವುದು ಭಾಷಣದಿಂದ ಹುಟ್ಟುವುದಿಲ್ಲ, ಇಂಥ ಒಡನಾಟದಿಂದ ರೂಢಿಯಾಗುತ್ತದೆ.

ಒಡನಾಟಕ್ಕೆ ಜಾಗ ಬೇಕು. ಆ ಜಾಗಗಳು ಕುಗ್ಗುತ್ತಿವೆ. 2021ರ ಪೊಲೀಸ್ ಆದೇಶದ ನಂತರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕೊಂದೇ ಗತಿ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಬಂಧಿಯಾಗಿದ್ದ ಹಳೆಯ ಸೆಂಟ್ರಲ್ ಜೈಲಿನ ಆವರಣ ಅದು. ಆಂಬುಲೆನ್ಸಿಗೆ ದಾರಿ ಬೇಡವೇ, ಕೂಲಿಗೆ ಹೋಗುವವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದು. ರಸ್ತೆ ತಡೆಯನ್ನು ನಾನು ಸಮರ್ಥಿಸುತ್ತಿಲ್ಲ. ಪ್ರತಿ ಬಡಾವಣೆಯಲ್ಲೂ ಸಭೆ ಸೇರಲು ಒಂದು ಬಯಲು ಬಿಡಿ ಎನ್ನುತ್ತಿದ್ದೇನೆ. ಪ್ರತಿಭಟನೆಗೆ ಬಂದ ಅಂಗನವಾಡಿ ಕಾರ್ಯಕರ್ತೆಯ ಮಾತು ಆ ಒಂದು ಆವರಣದೊಳಗೇ ಮುಗಿದುಹೋದರೆ ಜಯನಗರದ, ಯಲಹಂಕದ ಜನಕ್ಕೆ ಅದು ಕೇಳಿಸುವುದೇ ಇಲ್ಲ.

ಚುನಾವಣೆಯ ಕಥೆಯೂ ಅದೇ. ಚೆನ್ನೈ ಪಾಲಿಕೆಗೆ 2016ರಿಂದ 2022ರವರೆಗೆ ಚುನಾಯಿತ ಸದಸ್ಯರೇ ಇರಲಿಲ್ಲ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತ ನಡೆಯಿತು. ಐದು ವರ್ಷ ತುಂಬುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ಹೇಳಿದ್ದರೂ, ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಮುಂದೂಡಲು ಒಂದಲ್ಲ ಒಂದು ನೆಪ ಸಿಗುತ್ತದೆ. ಆಳುವ ಪಕ್ಷ ಬದಲಾದರೂ ನೆಪ ಬದಲಾಗುವುದಿಲ್ಲ. ವಾರ್ಡಿನ ಸದಸ್ಯನನ್ನು ಜನ ಬೀದಿಯಲ್ಲಿ ಹಿಡಿದು ನಿಲ್ಲಿಸಬಹುದು, ಕಸದ ಲಾರಿ ಯಾಕೆ ಬರಲಿಲ್ಲವೆಂದು ಕೇಳಬಹುದು. ಬೇರೆ ಬೇರೆ ಪಕ್ಷಕ್ಕೆ ವೋಟು ಹಾಕಿದ ಇಬ್ಬರು ಒಂದೇ ದೂರು ಹೊತ್ತು ಒಟ್ಟಿಗೆ ಹೋಗುವ ಜಾಗ ಅದು. ಐಕ್ಯದ ಹೆಸರಿನಲ್ಲಿ ಜಾಥಾ ನಡೆಸುವ ಪ್ರತಿ ಪಕ್ಷಕ್ಕೂ ನನ್ನ ಮೊದಲ ಕೇಳಿಕೆ ಇಷ್ಟೇ: ಪಾಲಿಕೆಯ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಯ ಚುನಾವಣೆಗಳನ್ನು ಅವಧಿ ಮುಗಿಯುವ ಮುನ್ನ ನಡೆಸಿ, ವಾರ್ಡ್ ಸಭೆಯನ್ನು ದುಡಿಯುವವರಿಗೆ ಬಿಡುವಿರುವ ಹೊತ್ತಿಗೆ ಕರೆಯಿರಿ, ಸೋತ ಅಭ್ಯರ್ಥಿಗೂ ಅಲ್ಲಿ ಮಾತಾಡಲು ಸಮಯ ಕೊಡಿ.