ಉಪಗ್ರಹ ಚಿತ್ರದ ಹಸಿರಿನಲ್ಲಿ ಮಾವು ಯಾವುದು, ನೀಲಗಿರಿ ಯಾವುದು?

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸುತ್ತಿನ ಬಯಲುಸೀಮೆಯಲ್ಲಿ ರಾಗಿ, ಮಾವು, ಹಿಪ್ಪುನೇರಳೆ, ನೀಲಗಿರಿ ಒಂದರ ಪಕ್ಕ ಒಂದು ಬೆಳೆಯುತ್ತವೆ. 786 ಕಿ.ಮೀ. ಎತ್ತರದಲ್ಲಿ ಸುತ್ತುವ ಸೆಂಟಿನೆಲ್-2 ಉಪಗ್ರಹಕ್ಕೆ ಇವೆಲ್ಲ ಬರೀ ಅಂಕಿಗಳು. ಅದರ ಚಿತ್ರದ ಒಂದು ಚುಕ್ಕಿ, ಅಂದರೆ ಪಿಕ್ಸೆಲ್, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ. 1988ರಲ್ಲಿ ಕಕ್ಷೆ ಸೇರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಸೂಕ್ಷ್ಮ ಕ್ಯಾಮೆರಾದಲ್ಲಿ ಒಂದು ಚುಕ್ಕಿಗೆ ಹದಿಮೂರು ಗುಂಟೆ ಸೇರುತ್ತಿತ್ತು. ಸಣ್ಣ ಹಿಡುವಳಿಗಳ ಈ ಸೀಮೆಗೆ ಆ ವ್ಯತ್ಯಾಸ ದೊಡ್ಡದು.

ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಈ ಎರಡರ ಅಂತರ ಹೆಚ್ಚಿದಷ್ಟೂ ಹಸಿರು ದಟ್ಟ. ಹಸಿರಿದೆಯೇ ಎಂದು ತಿಳಿಯಲು ಇಷ್ಟು ಸಾಕು; ಅದು ಯಾವುದರ ಹಸಿರು ಎಂದು ತಿಳಿಯಲು ಸಾಲದು. ಅದಕ್ಕೆ ವರ್ಗೀಕರಣ ಬೇಕು. ಹೊಲ, ತೋಪುಗಳಿಗೆ ಹೋಗಿ ಜಿಪಿಎಸ್‌ನಲ್ಲಿ ಗುರುತು ಮಾಡಿ ತಂದ ಮಾದರಿಗಳನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಅವುಗಳ ಜಾಡು ಹಿಡಿದು ಅದು ಉಳಿದ ಚುಕ್ಕಿಗಳನ್ನು ವಿಂಗಡಿಸುತ್ತದೆ.

ಒಂದೇ ದಿನದ ಚಿತ್ರ ನೆಚ್ಚಿದರೆ ಕೆಲಸ ಕೆಡುತ್ತದೆ. ಮಳೆಗಾಲದ ಕೊನೆಗೆ ಎಲ್ಲವೂ ಹಸಿರೇ. ವರ್ಷದುದ್ದದ ಚಿತ್ರಗಳನ್ನು ಸಾಲಾಗಿಟ್ಟರೆ ಬೇರೆ ಬೇರೆ ನಡೆ ಕಾಣುತ್ತದೆ: ರಾಗಿ ಕೊಯ್ಲಾದ ಮೇಲೆ ಹೊಲ ಬೋಳು, ಹಿಪ್ಪುನೇರಳೆ ವರ್ಷಕ್ಕೆ ಹಲವು ಸಲ ಕಟಾವಾಗಿ ಚಿಗುರುತ್ತದೆ. ಬೇಸಿಗೆಯಲ್ಲೂ ಹಸಿರಾಗಿಯೇ ಉಳಿಯುವ ಮಾವು, ನೀಲಗಿರಿಗಳದ್ದೇ ತೊಡಕು. ನೀಲಗಿರಿಯನ್ನು ಕೆಲವು ವರ್ಷಕ್ಕೊಮ್ಮೆ ಬುಡದ ಮಟ್ಟಕ್ಕೆ ಕಡಿಯುತ್ತಾರೆ, ಮೋಟಿನಿಂದ ಮತ್ತೆ ಚಿಗುರುತ್ತದೆ. ಹಾಗಾಗಿ ಹಲವು ವರ್ಷಗಳ ಚಿತ್ರಗಳಲ್ಲಿ ಅದರ ಗುರುತು ಸಿಗುತ್ತದೆ.

ಇದು ನೀರಿನ ಪ್ರಶ್ನೆಯೂ ಹೌದು. ಅಂತರ್ಜಲದ ಆತಂಕದಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಎಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯದೆ ಅಂಥ ಆದೇಶದ ಫಲ ಅಳೆಯಲಾಗದು. ಭಾರತೀಯ ಅರಣ್ಯ ಸಮೀಕ್ಷೆಯ ವರದಿಯ 'ಅರಣ್ಯ ಹೊದಿಕೆ'ಯ ಅಂಕಿಯೂ ಇದನ್ನು ಹೇಳದು. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ನೆರಳು ಶೇ. 10ರಷ್ಟಿದ್ದರೆ ಆ ಲೆಕ್ಕಕ್ಕೆ ಸಾಕು. ಜಾಗ ಯಾರದು, ಮರ ಯಾವುದು ಎಂದು ಅದು ನೋಡುವುದಿಲ್ಲ. ನೀಲಗಿರಿ ತೋಪೂ ಅಲ್ಲಿ ಅರಣ್ಯವೇ. ಹೊದಿಕೆ ಹೆಚ್ಚಿತೆಂಬ ಸುದ್ದಿಯನ್ನು ಈ ಎಚ್ಚರದಿಂದ ಓದಬೇಕು.

ನಕ್ಷೆಯ ಜೊತೆಗೆ ಅದರ ತಪ್ಪುಗಳ ಪಟ್ಟಿಯನ್ನೂ ಪ್ರಕಟಿಸಬೇಕು. ನಕ್ಷೆ ಶೇ. 85ರಷ್ಟು ಸರಿ ಎಂದಷ್ಟೇ ಹೇಳಿದರೆ ಸಾಲದು. ಉಳಿದ ಹದಿನೈದರಲ್ಲಿ ಮಾವನ್ನು ನೀಲಗಿರಿ ಎಂದು ಬರೆದದ್ದೆಷ್ಟು? ಆ ಉತ್ತರವಿಲ್ಲದ ನಕ್ಷೆಯನ್ನು ನಂಬಿ ಅಂತರ್ಜಲದ ಯೋಜನೆ ಮಾಡಬಾರದು.